ಎಡಕ್ಕೆ ವಾಲಿದ ಕಳ್ಳಿ

ಮೊನ್ನೆ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿದೆ ನೋಡಿ, ಕಟಿಂಗ್ ಆಯಿಲ್ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಪೀಣ್ಯದಲ್ಲಿ ದುಡಿದವರಿಗೆ ಆ ವಾಸನೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ: ಲೇತಿನಲ್ಲಿ ಕಬ್ಬಿಣ ಕೊರೆಯುವಾಗ ಕಾಯದಿರಲಿ ಎಂದು ಸುರಿಯುತ್ತಾರಲ್ಲ, ಬೆಳ್ಳಗಿನ ಎಣ್ಣೆನೀರು, ಅದು. ಅಂಗಿಗೆ ಹತ್ತಿದರೆ ಅಂಗಿ ಹರಿಯುವ ತನಕ ಹೋಗುವುದಿಲ್ಲ. ನನ್ನ ಹೆಂಡತಿ ಸರೋಜ ಮದುವೆಯಾದ ಹೊಸದರಲ್ಲಿ ನಾನು ಮನೆಗೆ ಬಂದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅದೇ ಸರೋಜ ನಾನು ರಿಟೈರ್ ಆದ ವಾರದಲ್ಲಿ, "ಮನೆ ಯಾಕೋ ಬಿಕೋ ಅನ್ಸತ್ತೆ ಕಣ್ರೀ, ಆ ನಾತ ಇಲ್ದೆ" ಅಂದಳು. ನಾನು ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕೆ.

ಕವರು ಅಟ್ಟದ ಮೇಲಿತ್ತು. ಫ್ಯಾಕ್ಟರಿಯಲ್ಲಿ ನನ್ನನ್ನು ಬೀಳ್ಕೊಟ್ಟ ದಿನ ಬಂದ ಶಾಲುಗಳು, ಎರಡು ಗಣಪತಿ, ಮೂರು ಗೋಡೆ ಗಡಿಯಾರ, ಎಲ್ಲದರ ಜೊತೆ ಇದೂ ಅಲ್ಲಿ ಸೇರಿಬಿಟ್ಟಿತ್ತು. ಹೊತ್ತು ನೋಡುವ ಅಗತ್ಯವೇ ಇಲ್ಲದಂತಾದವನಿಗೆ ಜನ ಗಡಿಯಾರವನ್ನೇ ಯಾಕೆ ಕೊಡುತ್ತಾರೋ, ಆ ದೇವರೇ ಬಲ್ಲ. ಆ ಮೂರರಲ್ಲಿ ಒಂದನ್ನು ಯಾರಿಗಾದರೂ ದಾಟಿಸೋಣ ಎಂದು ಸರೋಜ ನನ್ನನ್ನು ಸ್ಟೂಲು ಹತ್ತಿಸಿದ್ದಳು. ಗಡಿಯಾರದ ಹಿಂದಿನಿಂದ ಈ ಕವರು ಬಿತ್ತು.

ಒಳಗೆ ಒಂದು ಗಿಡ. ಗಾಬರಿಯಾಗಬೇಡಿ, ಉಲ್ಲನ್ ಗಿಡ. ಗೇಣುದ್ದವೂ ಇಲ್ಲದ ಹಸಿರು ಪಾಪಾಸುಕಳ್ಳಿ, ಇಟ್ಟಿಗೆ ಕೆಂಪಿನ ಉಲ್ಲನ್ ಕುಂಡ, ಎರಡನ್ನೂ ಕ್ರೋಶಾ ಕಡ್ಡಿಯಲ್ಲಿ ಹೆಣೆದದ್ದು. ಕಳ್ಳಿ ನೆಟ್ಟಗೆ ನಿಲ್ಲದೆ ಎಡಕ್ಕೆ ವಾಲಿಕೊಂಡಿದೆ. ಅದರ ಕೊರಳಿಗೆ ಒಂದು ಕೆಂಪು ಟ್ಯಾಗು. ಟ್ಯಾಗಿನ ಮೇಲೆ "ರಿಜೆಕ್ಟ್. ಎಡಕ್ಕೆ ವಾಲಿದೆ." ಎಂದು ಬರೆದಿದೆ. ಅಕ್ಷರವೋ, ಇರುವೆಗೆ ಮಸಿ ಹಚ್ಚಿ ಓಡಾಡಲು ಬಿಟ್ಟ ಹಾಗೆ! ಯಾವ ಮಗು ಬರೆದದ್ದಪ್ಪಾ ಅಂದುಕೊಂಡು ಕನ್ನಡಕ ಏರಿಸಿ ಎರಡನೇ ಸಲ ನೋಡಿದೆ. ನನ್ನದೇ ಅಕ್ಷರ. ಎಡಗೈಯಲ್ಲಿ ಬರೆದದ್ದು.

ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ. ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಅಲ್ಲ. ನಮ್ಮ ಮಾವನವರು ಮದುವೆಗೆ ಅಷ್ಟು ಬೇಗ ಒಪ್ಪಿದ್ದು ಆ ಪದ ಕೇಳಿಯೇ ಎಂಬ ಗುಮಾನಿ ನನಗೆ ಈಗಲೂ ಇದೆ, ಆದರೆ ನಾನು ಪರೀಕ್ಷೆ ಮಾಡುತ್ತಿದ್ದದ್ದು ಪಿನ್ನು, ಬುಷ್ಷು, ಶಾಫ್ಟು ಮುಂತಾದ ಕಬ್ಬಿಣದ ತುಂಡುಗಳನ್ನು. ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿ, ಹನ್ನೆರಡು ಮಿಷನ್ನು. ಅವು ಕೊರೆದು ಕೊಟ್ಟದ್ದನ್ನು ನಾನು ಅಳೆಯಬೇಕು. ಅಳತೆ ಸರಿಯಿದ್ದರೆ ಹಸಿರು ಟ್ಯಾಗು. ಕೂದಲಿನ ಒಂದು ಎಳೆಯನ್ನು ಹತ್ತು ಸೀಳಿದರೆ ಎಷ್ಟಾಗುತ್ತದೋ ಅಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಟ್ಯಾಗು, ಮೇಜಿನ ಕೆಳಗಿನ ಕೆಂಪು ಡಬ್ಬ. ಶನಿವಾರ ಆ ಡಬ್ಬ ಗುಜರಿಗೆ ಹೋಗುತ್ತದೆ. ಮೂವತ್ತು ವರ್ಷ ನಾನು ಮಾಡಿದ್ದು ಇಷ್ಟೇ, ಮತ್ತು ಇಷ್ಟಕ್ಕೆ ನನಗೆ ಇದ್ದ ಜಂಬ ಬೇಕಾದಷ್ಟು.

ನನ್ನ ಅಸ್ತ್ರ ಮೈಕ್ರೋಮೀಟರು. ತುಂಡನ್ನು ಎರಡು ದವಡೆಗಳ ನಡುವೆ ಹಿಡಿದು, ತುದಿಯ ಗುಂಡಿಯನ್ನು ಬೆರಳಲ್ಲಿ ತಿರುಗಿಸಿದರೆ ಅದು ಟಿಕ್ ಟಿಕ್ ಎನ್ನುತ್ತದೆ. ಮೂರು ಟಿಕ್ ಆದರೆ ಕೈ ಬಿಡಬೇಕು, ಅಂಕಿ ಓದಬೇಕು. ಹೊಸದಾಗಿ ಬಂದ ಟ್ರೈನಿಗಳು ಜೀವ ಹೋಗುವ ಹಾಗೆ ತಿರುಗಿಸುತ್ತಾರೆ, ತಪ್ಪು ಅಂಕಿ ಬರುತ್ತದೆ. "ಮೂರು ಟಿಕ್ ಅಂದ್ರೆ ಬಿಡೋ! ಹಿಂಡಬೇಡ, ಅದೇನು ನಿಂಬೆಹಣ್ಣಾ?" ಎಂದು ನಾನು ಕೂಗುವುದು ಫ್ಯಾಕ್ಟರಿಯ ಗೇಟಿನವರೆಗೂ ಕೇಳುತ್ತಿತ್ತಂತೆ.

ನಾನು ಕೂರುವ ಕೋಣೆಗೆ ಕಿಟಕಿ ಇರಲಿಲ್ಲ. ಅಳೆಯುವ ಕೋಣೆ ಒಂದೇ ತಂಪಿನಲ್ಲಿರಬೇಕು, ಬಿಸಿಲು ತಾಗಿದರೆ ಕಬ್ಬಿಣ ಹಿಗ್ಗುತ್ತದೆ. ಮಣ್ಣು ಬರಕೂಡದು, ನೀರು ಬರಕೂಡದು. ಒಮ್ಮೆ ಆಫೀಸಿನ ಹುಡುಗಿಯೊಬ್ಬಳು ಬಾಟಲಿಯಲ್ಲಿ ಮನಿಪ್ಲಾಂಟ್ ತಂದಿಟ್ಟಿದ್ದಳು, "ಸಾರ್, ರೂಮು ಡಲ್ಲಾಗಿದೆ" ಎಂದು. ತುಕ್ಕು ಹಿಡಿಸ್ತೀಯೇನಮ್ಮ ಎಂದು ನಾನೇ ಅದನ್ನು ಎತ್ತಿ ಹೊರಗಿಟ್ಟೆ. ಪಾಪ, ಅವಳು ಆಮೇಲೆ ನನಗೆ ಗುಡ್ ಮಾರ್ನಿಂಗ್ ಹೇಳುವುದನ್ನೂ ಬಿಟ್ಟಳು.

ಇಂಥ ನಾನು ರಿಟೈರ್ ಆಗಲು ನಾಲ್ಕು ವರ್ಷ ಇರುವಾಗ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಜಾಲಹಳ್ಳಿ ಕ್ರಾಸಿನಲ್ಲಿ ಲಾರಿ ಗುದ್ದಿತು ಅಂತಲೋ, ನಾಯಿ ಅಡ್ಡ ಬಂತು ಅಂತಲೋ ಹೇಳಬಹುದಿತ್ತು. ನಿಜ ಏನೆಂದರೆ ಸ್ಕೂಟರ್ ನಿಂತಿತ್ತು. ನಮ್ಮ ಮನೆಯ ಮುಂದೆಯೇ. ಬಾಗಿಲಲ್ಲಿ ನಿಂತ ಸರೋಜ "ಬರ್ತಾ ಕೊತ್ತಂಬರಿ ಸೊಪ್ಪು" ಅಂದಳು, ನಾನು ಹಿಂದಕ್ಕೆ ತಿರುಗಿ "ಎಷ್ಟು ಕಟ್ಟು?" ಅಂದೆ, ಅಷ್ಟೇ, ಸ್ಕೂಟರ್ ಒಂದು ಕಡೆ, ನಾನು ಒಂದು ಕಡೆ. ನಿಂತ ಗಾಡಿಯಿಂದ ಬಿದ್ದು ಮೂಳೆ ಮುರಿದುಕೊಂಡವನು ಇಡೀ ದಾಸರಹಳ್ಳಿಯಲ್ಲಿ ನಾನೊಬ್ಬನೇ ಇರಬೇಕು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಗೊತ್ತಾಯಿತು, ಕೈ ನನ್ನದಾಗಿ ಉಳಿದಿಲ್ಲ. ಬೆರಳು ಮಡಚುವುದಿಲ್ಲ, ಮಡಚಿದರೆ ನಡುಗುತ್ತದೆ. ಮೈಕ್ರೋಮೀಟರ್ ಹಿಡಿದರೆ ಒಂದೇ ಪಿನ್ನು ಮೂರು ಸಲಕ್ಕೆ ಮೂರು ಅಂಕಿ ತೋರಿಸುತ್ತದೆ. ನಮ್ಮ ಮ್ಯಾನೇಜರು ನನಗೆ ಮಗನಾಗುವಷ್ಟು ಚಿಕ್ಕವರು, ಒಳ್ಳೆಯವರೇ. ಕರೆದು ಕೂರಿಸಿ, "ಸಾರ್, ತಪ್ಪು ತಿಳ್ಕೋಬೇಡಿ. ಮೂರು ತಿಂಗಳು ನೋಡೋಣ. ಟೆಸ್ಟ್ ಇಡ್ತೀನಿ. ರೀಡಿಂಗ್ ಸರಿ ಬಂದ್ರೆ ನಿಮ್ ಸೀಟು ನಿಮ್ದೇ. ಇಲ್ಲಾಂದ್ರೆ ಸ್ಟೋರ್ಸ್‌ಗೆ ಹೋಗ್ಬಿಡಿ, ಆರಾಮಾಗಿರತ್ತೆ" ಅಂದರು. ಆ 'ಆರಾಮ' ಅನ್ನೋ ಪದ ನನಗೆ ಎಷ್ಟು ಚುಚ್ಚಿತೆಂದರೆ, ಊಟದ ಡಬ್ಬ ತೆರೆಯದೆ ಮನೆಗೆ ಒಯ್ದೆ. ಸ್ಟೋರ್ಸ್ ಅಂದರೆ ನಟ್ಟು ಬೋಲ್ಟು ಎಣಿಸಿ ಕೊಡುವ ಜಾಗ. ಇಪ್ಪತ್ತಾರು ವರ್ಷ ಎಲ್ಲರ ಕೆಲಸದಲ್ಲೂ ತಪ್ಪು ಹುಡುಕಿದವನು ಈಗ ತಾನೇ ಅಳತೆ ತಪ್ಪಿದ್ದಾನೆ ಅಂತ ಅಲ್ಲವೇ ಅದರ ಅರ್ಥ?

ಅವತ್ತಿನಿಂದ ನಾನು ಮಿಷನ್ನುಗಳ ಸಾಲಿನ ಕಡೆ ಹೋಗುವುದನ್ನೇ ಬಿಟ್ಟೆ. ಹಿಂಬಾಗಿಲಿನಿಂದ ಬಂದು ಕೋಣೆ ಸೇರುವುದು, ಹಿಂಬಾಗಿಲಿನಿಂದ ಹೋಗುವುದು. "ಕೈ ಹೆಂಗದೆ ಸಾ?" ಎಂದು ಯಾರೂ ಕೇಳಬಾರದು. ಅದರಲ್ಲೂ ರಾಜಣ್ಣ. ಮಾಗಡಿ ಕಡೆಯ ರಾಜಣ್ಣ ನಾಲ್ಕನೇ ಲೇತಿನವನು, ಚಿನ್ನದಂಥ ಕೆಲಸಗಾರ. ಹಿಂದೊಮ್ಮೆ ಅವನ ಒಂದು ಇಡೀ ಟ್ರೇ ಪಿನ್ನುಗಳಿಗೆ ನಾನು ಕೆಂಪು ಟ್ಯಾಗು ಕಟ್ಟಿದ್ದೆ. "ಇಷ್ಟಕ್ಕೆಲ್ಲ ರಿಜೆಟ್ಟಾ ಸಾ? ಕಣ್ಗೆ ಕಾಣ್ದೇ ಇರೋದ್ಕೆ?" ಎಂದು ಅಂದು ಕೇಳಿದವನು, ಆಮೇಲೆ ನನ್ನ ಹತ್ತಿರ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಾಡಿದವನಲ್ಲ.

ಫಿಸಿಯೋಥೆರಪಿಯವರು ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟಿದ್ದರು, ದಿನಕ್ಕೆ ನೂರು ಸಲ ಹಿಚುಕಿ ಎಂದು. ಹಿಚುಕುತ್ತಾ ಕೂತರೆ ನನಗೆ ಅಳುವೇ ಬರುತ್ತಿತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಿಂದಿನ ಶೆಡ್ಡಿನ ನೆರಳಲ್ಲಿ ಹಾಗೇ ಕೂತಿದ್ದೆ. ಪಕ್ಕದ ಕಟ್ಟೆಯಲ್ಲಿ ಗಂಗವ್ವ.

ಗಂಗವ್ವ ಗುಳೇದಗುಡ್ಡ ಕಡೆಯವರು. ಲಗ್ಗೆರೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ನಮ್ಮಲ್ಲಿ ಪಾರ್ಟುಗಳ ಚೂಪು ಅಂಚನ್ನು ಉಜ್ಜಿ ತೆಗೆಯುವ ಕೆಲಸಕ್ಕೆ ಬರುತ್ತಿದ್ದರು. ಶನಿವಾರ ನನ್ನ ಕೆಂಪು ಡಬ್ಬವನ್ನು ಗುಜರಿಗೆ ಒಯ್ಯುವುದೂ ಅವರದೇ ಕೆಲಸ. ಊಟವಾದ ಕೂಡಲೇ ಚೀಲದಿಂದ ಉಲ್ಲನ್ ಉಂಡೆ, ಕ್ರೋಶಾ ಕಡ್ಡಿ ತೆಗೆದು ಬಾಗಿಲ ತೋರಣ ಹೆಣೆಯಲು ಕೂರುತ್ತಿದ್ದರು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಕಣ್ಣು ರಸ್ತೆಯ ಮೇಲಿರುತ್ತಿತ್ತು. ಅವತ್ತು ಆ ಕಣ್ಣು ನನ್ನ ಚೆಂಡಿನ ಮೇಲೆ ಬಿತ್ತು.

"ಸರ, ಆ ಚಂಡ ಹಿಚುಕಿ ಹಿಚುಕಿ ಏನ್ ಸಿಗತೈತ್ರಿ ನಿಮಗ?"

"ಕೈಗೆ ಒಳ್ಳೇದಂತೆ ಗಂಗವ್ವ."

"ಚಂಡಿಗೂ ಬ್ಯಾಸರಾತು, ನಿಮಗೂ ಬ್ಯಾಸರಾತು. ಕೈಗೆ ಏನರ ಕೆಲಸ ಕೊಡ್ರಿ ಸರ. ಕೆಲಸ ಇದ್ರ ಬಟ್ಟು ತಾವ ಮಡಚತಾವ." ಹೀಗೆಂದವರೇ ಇನ್ನೊಂದು ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟೇಬಿಟ್ಟರು.

"ಅಯ್ಯೋ, ಇದು ಹೆಂಗಸರದ್ದಲ್ವೇನಮ್ಮಾ!"

"ನಮ್ಮೂರಾಗ ಮಗ್ಗದ ಮ್ಯಾಲ ಕುಂದ್ರೋರು ಗಂಡಸರ ಅದಾರ್ರಿ. ದಾರಕ್ಕೇನ್ ಗೊತ್ರಿ, ಹಿಡದಾಂವ ಯಾರಂತ?"

ಕಡ್ಡಿ ಹಿಡಿದೆ. ಬಿತ್ತು. ಎತ್ತಿ ಹಿಡಿದೆ. ಬಿತ್ತು. ಆ ಬಿಡುವಿನಲ್ಲಿ ಅದು ಹನ್ನೊಂದು ಸಲ ಬಿತ್ತು, ಎಣಿಸಿದ್ದೇನೆ, ಎಣಿಸುವುದು ನನ್ನ ಹಣೆಬರಹ. ಆದರೆ ಹನ್ನೆರಡನೇ ಸಲ ಬೀಳಲಿಲ್ಲ ನೋಡಿ! ಬೆರಳ ಸಂದಿಯಲ್ಲಿ ನಿಂತಿತು. ಮೂರು ವಾರ ಚೆಂಡು ಹಿಚುಕಿದಾಗ ಆಗದ ಸಂತೋಷ ನನಗೆ ಅವತ್ತು ಆಯಿತು.

ಸಂಜೆ ದಾಸರಹಳ್ಳಿಯಲ್ಲಿ ಉಲ್ಲನ್ ಕೊಳ್ಳಲು ಹೋದೆ. ಟೇಪು, ಗುಂಡಿ, ಫಾಲ್ಸು, ಸ್ಕೂಲ್ ಬೆಲ್ಟು ಎಲ್ಲ ಮಾರುವ ಪುಟ್ಟ ಅಂಗಡಿ. ಅಂಗಡಿಯವನು ಬಣ್ಣ ತೋರಿಸುತ್ತಾ "ಮೇಡಂಗಾ ಸಾರ್?" ಅಂದ. ನಾನು ಸುತ್ತಮುತ್ತ ನೋಡಿ "ಹೂಂ, ಮೇಡಂಗೆ" ಅಂದೆ. ಮೇಡಂ ಮನೆಯಲ್ಲಿ ಉಲ್ಲನ್ ನೋಡಿ, "ಇಪ್ಪತ್ತೈದು ವರ್ಷದಲ್ಲಿ ಒಂದು ಅಂಗಿ ಗುಂಡಿ ಹೊಲ್ಕೊಂಡೋರಲ್ಲ! ನಿಮಗೇನು ಬಂತ್ರೀ?" ಎಂದು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

ತೋರಣ ಆಮೇಲೆ, ಮೊದಲು ಕುಂಡ ಎಂದು ಗಂಗವ್ವ ಹೇಳಿದ್ದರು. "ದುಂಡಗ ಹೋಗೂದು, ಆಮ್ಯಾಲ ಮ್ಯಾಲ ಏರೂದು. ಅಷ್ಟರಿ ಕುಂಡ ಅಂದ್ರ." ಎಲೆ ಗಿಲೆ ನನ್ನ ಕೈಲಾಗುವುದಿಲ್ಲ, ಅದಕ್ಕೇ ಕುಂಡದೊಳಕ್ಕೆ ಕಳ್ಳಿ. ಮೊದಲು ಒಂದು ಕುಣಿಕೆ, ಅದರೊಳಗೆ ಆರು ಹೆಣಿಗೆ. ಎರಡನೇ ಸುತ್ತಿಗೆ ಹನ್ನೆರಡು. ಮೂರನೆಯದಕ್ಕೆ ಹದಿನೆಂಟು. ಆಮೇಲೆ ಇಪ್ಪತ್ತನಾಲ್ಕು. ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋದರೆ ತಟ್ಟೆಯ ಹಾಗೆ ಚಪ್ಪಟೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ, ತಾನೇ ತಾನಾಗಿ, ಗೋಡೆ ಏಳುತ್ತದೆ! ಇದನ್ನು ಮೊದಲ ಸಲ ಕಂಡಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಎಂಥ ಲೆಕ್ಕ ಸ್ವಾಮಿ! ಡ್ರಾಯಿಂಗ್ ಇಲ್ಲ, ಮಿಷನ್ ಇಲ್ಲ, ಕೊರೆದು ಬಿಸಾಕುವ ಚೂರುಪಾರು ಇಲ್ಲ. ನನ್ನ ಕಾಲವೆಲ್ಲ ಕಬ್ಬಿಣವನ್ನು ಕೊರೆದು ಕೊರೆದು ಕಮ್ಮಿ ಮಾಡಿ ಆಕಾರ ತರುವುದನ್ನು ನೋಡಿದ್ದೆ. ಇಲ್ಲಿ ಏನೂ ಇಲ್ಲದ ಕಡೆಯಿಂದ ಒಂದು ಕುಂಡ ಬೆಳೆಯುತ್ತಿದೆ. "ಸರೋಜಾ, ಬಾರೇ ಇಲ್ಲಿ, ಗೋಡೆ ಎದ್ದಿತು!" ಎಂದು ಕೂಗಿದೆ. ಅವಳು ನಿಜವಾಗಿ ಯಾವುದೋ ಗೋಡೆಗೆ ಏನೋ ಆಯಿತೆಂದು ಸೌಟು ಹಿಡಿದು ಓಡಿ ಬಂದಳು.

ಹೇಳಿದಷ್ಟು ಸಲೀಸಾಗಿತ್ತು ಎಂದುಕೊಳ್ಳಬೇಡಿ. ಕಡ್ಡಿ ಜಾರಿಬಿಡುತ್ತದೆ ಎಂಬ ಭಯದಲ್ಲಿ ನಾನು ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದೆನೆಂದರೆ, ಮುಂದಿನ ಸುತ್ತಿಗೆ ಕಡ್ಡಿಯ ತುದಿ ಒಳಗೇ ಇಳಿಯುತ್ತಿರಲಿಲ್ಲ. ಮಾರನೇ ದಿನ ಗಂಗವ್ವ ನನ್ನ ಕುಂಡವನ್ನು ಕಟ್ಟೆಯ ಮೇಲೆ ಬಡಿದರು. ಟಕ್ ಅಂದಿತು. ಉಲ್ಲನ್ ಟಕ್ ಅನ್ನುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

"ಅಯ್ಯ ಶಿವನ! ದಾರ ಏನ್ ಓಡಿ ಹೋಗತೈತೇನ್ರಿ ಸರ? ಇಷ್ಟ್ಯಾಕ ಬಿಗಿ ಹಿಡೀತೀರಿ?"

"ಕೈ ನಡುಗುತ್ತಲ್ಲಮ್ಮಾ, ಅದಕ್ಕೇ."

"ಬಿಗಿ ಹಿಡದದ್ದಕ್ಕ ನಡಗತೈತ್ರಿ. ನೀವ ಹುಡುಗರಿಗೆ ಬೈತಿದ್ರಲ್ಲ, ಮೂರು ಟಿಕ್ ಅಂದ್ರ ಬಿಡು, ಹಿಂಡಬ್ಯಾಡ ಅಂತ? ಅಲ್ಲಿ ಮೂಲ್ಯಾಗ ಕುಂತ ಇಷ್ಟು ವರ್ಷ ಕೇಳೇನ್ರಿ ನಾನು. ಈಗ ನೀವೂ ಬಿಡ್ರಿ."

ನನ್ನ ಬೈಗುಳವನ್ನು ಬೈಸಿಕೊಂಡವರು ಕಲಿತರೋ ಇಲ್ಲವೋ, ಮೂಲೆಯಲ್ಲಿ ಅಂಚು ಉಜ್ಜುತ್ತಿದ್ದ ಈ ಹೆಂಗಸು ಕಲಿತಿದ್ದರು. ಅಲ್ಲೇ ಆ ಕುಂಡವನ್ನು ಪೂರಾ ಬಿಚ್ಚಿ ಮತ್ತೆ ಮೊದಲಿನಿಂದ ಹಿಡಿದೆ. ದಾರವನ್ನು ಕಿರುಬೆರಳಿಗೆ ಸುತ್ತಿ, ತೋರುಬೆರಳ ಮೇಲೆ ಹಾಯಿಸಿ, ಎಳೆಯದೆ, ಅದರಷ್ಟಕ್ಕೆ ಹರಿಯಲು ಬಿಡುವುದನ್ನು ಕಲಿಯಲು ವಾರ ಹಿಡಿಯಿತು.

ಮೊದಲ ಕಳ್ಳಿ ಮುಗಿದ ದಿನ ನನಗೆ ಊಟ ರುಚಿಸಲಿಲ್ಲ, ಅಷ್ಟು ಸಡಗರ. ಒಳಗೆ ಹತ್ತಿ ತುಂಬಿದೆ, ಕುಂಡದಲ್ಲಿ ಕೂರಿಸಿ ಹೊಲಿದೆ, ನನ್ನ ಕೋಣೆಗೆ ಒಯ್ದೆ. ಮಣ್ಣಿಲ್ಲ, ನೀರಿಲ್ಲ, ನಿಯಮಕ್ಕೆ ಭಂಗವಿಲ್ಲ. ಆಮೇಲೆ ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆ. ಅದನ್ನು ಪಾರ್ಟು ಇಟ್ಟು ಅಳೆಯುವ ಸಮತಟ್ಟು ಕಲ್ಲಿನ ಮೇಲಿಟ್ಟು, ನೆಟ್ಟಗಿದೆಯೋ ಇಲ್ಲವೋ ತೋರಿಸುವ ಗುಣಿಕೋಲನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದೆ. ಎಡಕ್ಕೆ ವಾಲಿತ್ತು. ಸುತ್ತಿನ ಮೊದಲ ಹೆಣಿಗೆಗೆ ಗುರುತಿನ ದಾರ ಕಟ್ಟಲು ಮರೆತು, ಒಂದು ಕಡೆ ಎರಡು ಹೆಚ್ಚು ಹಾಕಿಬಿಟ್ಟಿದ್ದೆ. ಕೆಂಪು ಟ್ಯಾಗು ತೆಗೆದೆ. ಬಲಗೈಯಲ್ಲಿ ಅಕ್ಷರ ಮೂಡಿಸಲು ಇನ್ನೂ ಬರುತ್ತಿರಲಿಲ್ಲ, ಎಡಗೈಯಲ್ಲಿ ಬರೆದೆ, ಕಟ್ಟಿದೆ, ಡಬ್ಬಕ್ಕೆ ಹಾಕಿದೆ. ಯಾರ ಕೆಲಸವಾದರೇನು, ನಿಯಮ ನಿಯಮವೇ. ಆ ಕ್ಷಣದಲ್ಲಿ ನನ್ನ ಬಗ್ಗೆ ನನಗೆ ಬಹಳ ಗೌರವ ಬಂದಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಹೀಗೇ ಎರಡು ತಿಂಗಳಲ್ಲಿ ಹದಿಮೂರು ಕುಂಡ ಹೆಣೆದೆ, ಹದಿಮೂರಕ್ಕೂ ಕೆಂಪು ಟ್ಯಾಗು. ಒಂದರ ತಳದಲ್ಲಿ ತೂತು. ಒಂದರ ಬಾಯಿ ಸೊಟ್ಟ. ಒಂದು ಕಳ್ಳಿಯ ಹೊಟ್ಟೆ ಊದಿಕೊಂಡಿತ್ತು. ಇನ್ನೊಂದಕ್ಕೆ ಹೂವು ಇಡಲು ಹೋಗಿ ಮೂಗಿನ ಹಾಗೆ ಆಗಿತ್ತು. ಡಬ್ಬಕ್ಕೆ ಹಾಕುವಾಗ ಬೇಸರವೇ ಇರಲಿಲ್ಲ, ಮುಂದಿನದರ ಆತುರವೇ ಆತುರ. ಮೆಟ್ರೋದಲ್ಲಿ ಕೂತು ಹೆಣೆಯುತ್ತಿದ್ದೆ. ಒಂದು ದಿನ ಎದುರಿನ ಸೀಟಿನ ಕಾಲೇಜು ಹುಡುಗಿ, "ಅಂಕಲ್, ಸಕ್ಕತ್ತಾಗಿದೆ! ಮೊಬೈಲ್ ನೋಡಿ ಕಲಿತ್ರಾ?" ಅಂದಳು. "ಇಲ್ಲಮ್ಮ, ಗಂಗವ್ವನ್ನ ನೋಡಿ" ಅಂದೆ. ಅದು ಯಾವ ಚಾನೆಲ್ ಎಂದು ಅವಳು ಹುಡುಕುತ್ತಿರುವಾಗ ನನ್ನ ಸ್ಟೇಷನ್ ಬಂತು.

ಟೆಸ್ಟಿನ ದಿನ ಬಂತು. ಹತ್ತು ಪಿನ್ನು. ಒಂದೊಂದನ್ನೂ ಮೂರು ಸಲ ಅಳೆಯಬೇಕು, ಪ್ರತಿ ಸುತ್ತಿಗೂ ಮ್ಯಾನೇಜರು ಅವನ್ನು ಕಲಸಿ ಕೊಡುತ್ತಾರೆ. ಯಾವ ಪಿನ್ನು ಯಾವುದೆಂದು ಅವರ ಹಾಳೆಗೆ ಮಾತ್ರ ಗೊತ್ತು. ಒಂದೊಂದು ಪಿನ್ನಿನ ಅಂಕಿಯೂ ಮೂರು ಸಲಕ್ಕೂ ಕೂಡಿ ಬಂದರೆ ಈ ಕುರ್ಚಿ, ಇಲ್ಲವಾದರೆ ಸ್ಟೋರ್ಸಿನ ಆರಾಮ. ನಾನು ಮೈಕ್ರೋಮೀಟರ್ ಒರೆಸಿದೆ. ಮೊದಲ ಮೂರು ಪಿನ್ನು ಸರಾಗ. ನಾಲ್ಕನೆಯದಕ್ಕೆ ಮಣಿಕಟ್ಟಿನಲ್ಲಿ ಸಣ್ಣಗೆ ನಡುಕ ಶುರುವಾಯಿತು. ನಡುಕ ಬಂತೆಂದು ಬಿಗಿ ಹಿಡಿದೆ, ಬಿಗಿ ಹಿಡಿದಂತೆ ನಡುಕ ಜೋರಾಯಿತು. ಮ್ಯಾನೇಜರು ಕಣ್ಣು ತಪ್ಪಿಸಿ ಹಾಳೆ ನೋಡುತ್ತಿದ್ದರು.

ಆಗ ಕಿವಿಯಲ್ಲಿ ಹೇಳಿದ ಹಾಗೆ ಬಂತು ನೋಡಿ, "ದಾರ ಏನ್ ಓಡಿ ಹೋಗತೈತೇನ್ರಿ?" ಉಪಕರಣ ಕೆಳಗಿಟ್ಟೆ. ಕಿರುಬೆರಳು ಮಡಚಿದೆ, ತೋರುಬೆರಳು ಸಡಿಲ ಬಿಟ್ಟೆ, ಉಲ್ಲನ್ ಹಾಯುತ್ತಿದೆ ಎಂಬ ಹಾಗೆಯೇ. ಮತ್ತೆ ಎತ್ತಿಕೊಂಡೆ. ಟಿಕ್, ಟಿಕ್, ಟಿಕ್. ಬಿಟ್ಟೆ. ಅಲ್ಲಿಂದ ಮುಂದೆ ನಾನು ಪಿನ್ನು ಅಳೆದೆನೋ ಕುಂಡ ಹೆಣೆದೆನೋ ನನಗೇ ಗೊತ್ತಿಲ್ಲ. ಮ್ಯಾನೇಜರು ಹಾಳೆಯ ಮೇಲೆ ಪೆನ್ನು ಆಡಿಸುತ್ತಾ ಬಂದು, ಕೊನೆಗೆ, "ಸಾರ್, ಒಂದೇ ಒಂದ್ರಲ್ಲಿ ಒಂದು ಗೆರೆ ಆಚೀಚೆ. ಅಷ್ಟಕ್ಕೆ ಅವಕಾಶ ಇದೆ. ಮಿಕ್ಕಿದ್ದೆಲ್ಲ ಪಕ್ಕಾ!" ಎಂದು ಎದ್ದು ನಿಂತು ಕೈ ಕುಲುಕಿದರು. ಬಲಗೈಯನ್ನೇ.

ಗಂಗವ್ವನಿಗೆ ಹೇಳಬೇಕು! ಅವರು ಕೂರುವುದು ಶೆಡ್ಡಿನ ಆ ತುದಿಯಲ್ಲಿ, ಮಿಷನ್ನುಗಳ ಸಾಲು ದಾಟಿ. ಮೂರು ತಿಂಗಳಲ್ಲಿ ಮೊದಲ ಸಲ ಮುಂಬಾಗಿಲು ತೆರೆದು ಆ ಸಾಲಿಗೆ ಕಾಲಿಟ್ಟೆ. ಎರಡು ಹೆಜ್ಜೆ ಹಾಕಿದವನು ನಿಂತೆ.

ಒಂದನೇ ಲೇತಿನ ತಲೆಯ ಮೇಲೆ ಒಂದು ಕಳ್ಳಿ. ಕೊರಳಲ್ಲಿ ಕೆಂಪು ಟ್ಯಾಗು. ಬಾಯಿ ಸೊಟ್ಟಗಿದ್ದದ್ದು. ಎರಡನೆಯದರ ಮೇಲೆ ಹೊಟ್ಟೆ ಊದಿದ್ದು. ಅದರಾಚೆ ಡ್ರಿಲ್ಲಿಂಗ್ ಮಿಷನ್ನಿನ ಮೇಲೆ ಮೂಗಿನ ಹೂವಿನದು. ಹನ್ನೆರಡು ಮಿಷನ್ನು, ಹನ್ನೆರಡರ ಮೇಲೂ ನಾನು ಗುಜರಿಗೆ ಹಾಕಿದ ಗಿಡಗಳು, ಎಣ್ಣೆ ಸಿಡಿದು ಸ್ವಲ್ಪ ಕಪ್ಪಾಗಿ, ಸಾಲಾಗಿ ಕೂತಿವೆ. ಶನಿವಾರ ಶನಿವಾರ ಡಬ್ಬ ಒಯ್ದವರು ಕಬ್ಬಿಣವನ್ನು ಮಾತ್ರ ಗುಜರಿಗೆ ಕೊಟ್ಟಿದ್ದರು. ಇಡೀ ಶೆಡ್ಡಿಗೆ ನನ್ನ ಕೈಯ ಸುದ್ದಿ ವಾರ ವಾರವೂ ಗೊತ್ತಾಗುತ್ತಿತ್ತು, ಅದು ಗೊತ್ತಿಲ್ಲದಿದ್ದವನು ನಾನೊಬ್ಬನೇ.

ನಾಲ್ಕನೇ ಲೇತಿನ ಮುಂದೆ ರಾಜಣ್ಣ. ಅವನ ಲೇತಿನ ಮೇಲಿದ್ದದ್ದು ಎಲ್ಲದರಲ್ಲೂ ಕೆಟ್ಟದ್ದು, ತಳ ತೂತಾದದ್ದು. ನಾನು, "ರಾಜಣ್ಣ, ಅದನ್ನ ಯಾಕೆ ಇಟ್ಕೊಂಡಿದ್ದೀಯ? ತಳದಲ್ಲಿ ತೂತಿದೆ, ನಾನೇ ರಿಜೆಕ್ಟ್ ಮಾಡಿದ್ದು" ಅಂದೆ.

ಅವನು ಮಿಷನ್ ನಿಲ್ಲಿಸಿದ. ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕುಂಡವನ್ನು ಎತ್ತಿ, ತಳದ ತೂತಿನಲ್ಲಿ ಕಿರುಬೆರಳು ತೂರಿಸಿ ತೋರಿಸಿದ. "ಸಾ, ಕುಂಡ ಅಂದ್ಮೇಲೆ ತಳದಾಗೆ ತೂತು ಇರ್ಬೇಕು. ಇಲ್ದಿದ್ರೆ ನೀರು ನಿಂತ್ಕಂಡು ಬೇರು ಕೊಳ್ತೋಯ್ತದೆ. ಹನ್ನೆರಡ್ರಾಗೂ ಸರ್ಯಾಗಿರೋದು ಇದೊಂದೇ. ನೀವು ರಿಜೆಟ್ ಮಾಡಿದ್ರೆ ಏನಾಯ್ತು ಸಾ, ನಾವು ಪಾಸ್ ಮಾಡಿದೀವಿ." ಆಮೇಲೆ ಮೆತ್ತಗೆ, "ಕೈ ಹೆಂಗದೆ?" ಅಂದ.

ನಾನು ಕೈ ಮುಂದೆ ಚಾಚಿದೆ. ಅಷ್ಟು ಜನರೆದುರು ಕಣ್ಣಲ್ಲಿ ನೀರು ಬಂದುಬಿಟ್ಟಿತು, ಎಣ್ಣೆ ಸಿಡೀತು ಎಂದು ಹೇಳಿದೆ. ಅವನ ಮಿಷನ್ ನಿಂತಿತ್ತಲ್ಲ, ಯಾರೂ ನಂಬಲಿಲ್ಲ.

ಗಂಗವ್ವ ತಮ್ಮ ಮೂಲೆಯಿಂದ ಎಲ್ಲ ನೋಡಿ ನಗುತ್ತಿದ್ದರು. ಹೋಗಿ, ಲೆಕ್ಕಕ್ಕೇ ಜೋತುಬಿದ್ದೆ. "ಹದಿಮೂರು ಹಾಕಿದ್ದೆ ಗಂಗವ್ವ. ಹನ್ನೆರಡಿದೆ. ಮೊದಲನೇದು ಎಲ್ಲಿ?"

"ಎಲ್ಲ್ಯರ ಬಿದ್ದಿರಬೇಕ ನೋಡ್ರಿ" ಅಂದರು, ಪಾರ್ಟಿನ ಅಂಚು ಉಜ್ಜುತ್ತಾ.

ಆಮೇಲೆ ನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು ರಿಟೈರ್ ಆದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಟೆಸ್ಟ್ ಪಾಸಾದ ಮೇಲೆ ನಾನು ಕಡ್ಡಿ ಮುಟ್ಟಲಿಲ್ಲ. ಕೆಲಸ ಆಯಿತಲ್ಲ, ಮರೆತೆ. ಕೈ ಬೇಕಾಗಿದ್ದದ್ದು ಮೈಕ್ರೋಮೀಟರಿಗೆ, ಮೈಕ್ರೋಮೀಟರ್ ಫ್ಯಾಕ್ಟರಿಯದು. ಅದನ್ನು ಒಪ್ಪಿಸಿ ಬಂದ ಮೇಲೆ ಈ ಎರಡು ತಿಂಗಳು ನಾನು ಈ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಸರೋಜ ಹಾಕಿದ ಸೀರಿಯಲ್ಲು ನೋಡುತ್ತಾ ಕೂತಿದ್ದೆ. ಇತ್ತೀಚೆಗೆ ಬೆಳಿಗ್ಗೆ ಎದ್ದಾಗ ಬಲಗೈ ಬೆರಳುಗಳು ಮತ್ತೆ ಮರಗಟ್ಟಿದಂತೆ ಇರುತ್ತಿದ್ದವು.

ಬೀಳ್ಕೊಟ್ಟ ದಿನ ಗಂಗವ್ವ ಈ ಕವರನ್ನು ನನ್ನ ಕೈಗಿಟ್ಟು, "ಮನ್ಯಾಗ ಹೋಗಿ ಬಿಚ್ರಿ" ಅಂದಿದ್ದರು. ಹಾರದ ಗಲಾಟೆಯಲ್ಲಿ ಅದನ್ನೂ ಮರೆತಿದ್ದೆ. ತಮ್ಮ ಏಪ್ರನ್ನಿನ ಜೊತೆ ನಾಲ್ಕು ವರ್ಷ ಇಟ್ಟುಕೊಂಡಿದ್ದಿರಬೇಕು, ಅದಕ್ಕೇ ಈ ವಾಸನೆ. ಕಳ್ಳಿಯನ್ನು ಟೀವಿಯ ಪಕ್ಕ ಇಟ್ಟೆ. ವಾಲಿತು. ದೇವರ ಗೂಡಿನ ಪಕ್ಕ ಇಟ್ಟೆ. ವಾಲಿತು. "ಅದಕ್ಕೊಂದು ಬೆಂಕಿಕಡ್ಡಿ ಆನಿಸಿ ಇಡ್ರೀ" ಎಂದು ಸರೋಜ ಸಲಹೆ ಕೊಟ್ಟಳು. ಟ್ಯಾಗನ್ನಾದರೂ ಬಿಚ್ಚೋಣ ಎಂದು ಹಿಡಿದಾಗ ಅದು ತಿರುಗಿತು. ಹಿಂದುಗಡೆ, ಬಾಲ್ ಪೆನ್ನಿನಲ್ಲಿ, ಬಿಡಿಸಿ ಬಿಡಿಸಿ ಬರೆದ ದೊಡ್ಡ ಅಕ್ಷರಗಳು:

"ಕಿಟಕಿ ಹಂತೇಕ ಇಡ್ರಿ ಸರ."

ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಎಡಗಡೆಯಿಂದ, ಎದುರುಮನೆಯ ನೀರಿನ ಟ್ಯಾಂಕಿನ ಸಂದಿಯಿಂದ, ಬೆಳಗಿನ ಬಿಸಿಲು ಒಳಗೆ ಬರುತ್ತಿತ್ತು. ಕಳ್ಳಿ ಆ ಬಿಸಿಲಿನ ಕಡೆಗೇ ವಾಲಿ ನಿಂತಿತು. ಮನೆಯಲ್ಲಿ ಬೆಳೆಸಿದ ಯಾವ ಗಿಡವನ್ನಾದರೂ ನೋಡಿ, ಹಾಗೇ ಅಲ್ಲವೇ ನಿಲ್ಲುವುದು? ನಾನು ಅದನ್ನು ಅಳೆದದ್ದು ಕಿಟಕಿಯೇ ಇಲ್ಲದ ಕೋಣೆಯಲ್ಲಿ.

"ಏನ್ರೀ, ಸೊಟ್ಟಗಿದ್ದದ್ದು ಇಲ್ಲಿ ಸರಿಯಾಗೇ ಕಾಣತ್ತಲ್ಲ!" ಅಂದಳು ಸರೋಜ.

ನಾನು ಚಪ್ಪಲಿ ಮೆಟ್ಟಿದೆ. ಎಲ್ಲಿಗೆ ಎಂದಳು. ಬಂದೆ ಇರು ಎಂದೆ. ದಾಸರಹಳ್ಳಿಯ ಅದೇ ಅಂಗಡಿ, ಅದೇ ಮನುಷ್ಯ, ಕೂದಲು ಮಾತ್ರ ನನ್ನಷ್ಟೇ ನರೆತಿದೆ. ಎರಡು ಹಸಿರು, ಒಂದು ಇಟ್ಟಿಗೆ ಕೆಂಪು ಉಂಡೆ ಕೊಡಪ್ಪ ಎಂದೆ. ಅಂಗಡಿಯಲ್ಲಿ ನಾಲ್ಕು ಜನ ಹೆಂಗಸರಿದ್ದರು. ಅವನು ಉಲ್ಲನ್ನು ಕಟ್ಟುತ್ತಾ, "ಮೇಡಂಗಾ ಸಾರ್?" ಅಂದ.

"ನನಗೆ ಕಣಪ್ಪ," ಎಂದು ಬಲಗೈ ಚಾಚಿದೆ. "ನನಗೇ."